ನಮ್ಮ ಮನೆಯ ಅಜ್ಜಯ್ಯ

ಕೊಡಗು ಪ್ರತ್ಯೇಕ ರಾಜ್ಯವಾಗಿಯೇ ಉಳಿಯಬೇಕೋ ಮೈಸೂರಿಗೆ ಸೇರಬೇಕೋ ಎಂದು ಮಡಿಕೇರಿಯ ದೊಡ್ಡ ಮನುಷ್ಯರೆಲ್ಲ ತಲೆ ಕೆಡಿಸಿಕೊಂಡಿದ್ದ ಕಾಲದಲ್ಲಿ, ನಾನು ಅದಕ್ಕಿಂತ ಘನವಾದ ಪ್ರಶ್ನೆಯೊಂದನ್ನು ಒಬ್ಬನೇ ಬಗೆಹರಿಸಿಬಿಟ್ಟೆ. ಹುಟ್ಟಲಿರುವ ಮೊಮ್ಮಗು ನನ್ನನ್ನು ಏನೆಂದು ಕರೆಯಬೇಕು? ನಾನು ಸರ್ಕಾರಿ ಕಚೇರಿಯ ಹೆಡ್‌ಗುಮಾಸ್ತ. ನಾನು ಕೆಮ್ಮಿದರೆ ಜವಾನ ಎದ್ದು ನಿಲ್ಲುತ್ತಾನೆ. ಅಂಥವನನ್ನು ಬಾಯಿಗೆ ಬಂದಂತೆ ಕರೆಯಲು ಬಿಡುವುದುಂಟೇ!

'ತಾತ' ಬೇಡ. ಅದು ಮೈಸೂರಿನ ಕಡೆಯ ಮಾತು. ಸರ್ಕಾರದ ತೀರ್ಮಾನ ಹೊರಬೀಳುವ ಮೊದಲೇ ನಾನು ವಿಲೀನಕ್ಕೆ ಸಹಿ ಹಾಕಿದಂತಾಗುತ್ತದೆ. ಬರೀ 'ಅಜ್ಜ' ಎಂದರೆ ಸಂತೆಯಲ್ಲಿ ಕಿತ್ತಳೆ ಮಾರುವವನೂ ಅಜ್ಜನೇ. ಆದ್ದರಿಂದ 'ಅಜ್ಜಯ್ಯ'. ಕೊನೆಗೊಂದು 'ಅಯ್ಯ' ಇದ್ದರೆ ಗೌರವ ತಾನಾಗಿ ಬರುತ್ತದೆ. ಹುದಿಕೇರಿ ಕಡೆಯ ದೇವಸ್ಥಾನದಲ್ಲಿ ಅರ್ಚಕರಾಗಿದ್ದ ಬೀಗರು ತಿರುಮಲೇಶ್ವರ ಭಟ್ಟರಿಗೂ ಈ ತೀರ್ಮಾನ ತಿಳಿಸಿದೆ.

"ಕರೆದರೆ ಸಾಕು ರಾಯರೇ, ಏನು ಬೇಕಾದರೂ ಕರೆಯಲಿ" ಎಂದು ಅವರು ನಕ್ಕರು. ಪಾಪ, ಮಹತ್ವಾಕಾಂಕ್ಷೆಯೇ ಇಲ್ಲದ ಮನುಷ್ಯ.

ಗಂಡುಮಗು ಹುಟ್ಟಿತು. ಮೊದಲ ಮೊಮ್ಮಗನಿಗೆ ತಂದೆಯ ತಂದೆಯ ಹೆಸರಿಡುವುದು ನಮ್ಮಲ್ಲಿ ಪದ್ಧತಿ. ಹಾಗಾಗಿ ಅವನೂ ತಿಮ್ಮಪ್ಪಯ್ಯ. ನಾಮಕರಣದ ದಿನ ನನ್ನದೇ ಹೆಸರನ್ನು ಮಗುವಿನ ಕಿವಿಯಲ್ಲಿ ಹೇಳುವಾಗ ನನಗೆ ಕಣ್ಣು ತುಂಬಿ ಬಂತು. ಹೆಸರೂ ನನ್ನದು, ಪದವಿಯೂ ನನ್ನದು.

ತೊಡಕು ಗೊತ್ತಾದದ್ದು ಹೋಳಿಗೆ ಊಟ ಮುಗಿದ ಮೇಲೆ. ಗಂಡನ ಹೆಸರನ್ನು ಹೆಂಡತಿ ಹೇಳಬಾರದು, ಮಾವನ ಹೆಸರನ್ನು ಸೊಸೆ ಹೇಳಬಾರದು. ನನ್ನ ಹೆಂಡತಿ ಕಾವೇರಮ್ಮ ಮದುವೆಯಾದಂದಿನಿಂದ ನನ್ನನ್ನು "ಕೇಳಿತಾ?" ಎಂದೇ ಕರೆದವಳು. ಸೊಸೆ ವಾರಿಜಾಕ್ಷಿ ಅವಳಿಗಿಂತಲೂ ಮರ್ಯಾದಸ್ಥೆ. ಇನ್ನು ಮಗುವನ್ನು ಕರೆಯುವುದು ಹೇಗೆ?

"ಅಜ್ಜಯ್ಯನ ಹೆಸರಲ್ವಾ ಅತ್ತೆ? ನಾವು ಅಜ್ಜಯ್ಯ ಅಂತಲೇ ಕರೆಯುವ" ಎಂದಳು ಸೊಸೆ.

ನಾನು ಉಬ್ಬಿಹೋದೆ. ಬುದ್ಧಿವಂತರಿಗೂ ಕೆಲವೊಮ್ಮೆ ಹೀಗಾಗುತ್ತದೆ.

ಮರುದಿನದಿಂದ ಮನೆಯಲ್ಲಿ ಅಜ್ಜಯ್ಯನದೇ ಸುದ್ದಿ. ಅಜ್ಜಯ್ಯನಿಗೆ ಹಲ್ಲು ಬಂತು, ಅಜ್ಜಯ್ಯನಿಗೆ ಅಂಬೆಗಾಲು ಬಂತು. ಒಂದು ಬೆಳಿಗ್ಗೆ ಸೊಸೆ ಬಾವಿಕಟ್ಟೆಯಲ್ಲಿ ನಿಂತು, ಅಜ್ಜಯ್ಯ ಇವತ್ತೂ ಹಾಸಿಗೆಯಲ್ಲೇ ಉಚ್ಚೆ ಹೊಯ್ದಾಯ್ತು ಎಂದು ಅತ್ತೆಗೆ ವರದಿ ಒಪ್ಪಿಸಿದಳು. ಬೇಲಿಯಾಚೆಗಿದ್ದ ಪಕ್ಕದ ಮನೆಯ ಸುಮಿತ್ರಮ್ಮನ ಕಿವಿಗೂ ಅದು ಬಿತ್ತು. ಸಂಜೆಯ ಹೊತ್ತಿಗೆ ನನಗೊಂದು ಲೋಟ ಕಷಾಯ ಬಂತು. ಬೀದಿಯವರ ಅನುಕಂಪವೂ ಜೊತೆಗೇ ಬಂತು.

ನಾನಂತೂ ನನ್ನ ಪದವಿಯನ್ನು ಮಗುವಿಗೆ ಬಿಟ್ಟುಕೊಡಲಿಲ್ಲ. ನನ್ನ ಹೆಸರನ್ನು ನಾನೇ ಕೂಗಿಕೊಂಡು ತಿರುಗುವುದೂ ಚೆನ್ನಾಗಿರದು. ಹಾಗಾಗಿ 'ಪುಟ್ಟು' ಎಂದು ಕರೆದೆ. ಮನೆಯಲ್ಲಿ ಹಾಗೆ ಕರೆಯುವವನು ನಾನೊಬ್ಬನೇ. ಮಗುವಿಗೆ ಮಾತು ಬಂದ ಮೇಲೆ ಅಜ್ಜಯ್ಯ ಯಾರು ಎಂದು ಕೇಳಿದೆ. ಅದು ತನ್ನ ಎದೆ ತಟ್ಟಿಕೊಂಡಿತು. ಹಾಗಾದರೆ ನಾನು ಯಾರು ಎಂದೆ.

"ಪುಟ್ಟು."

ಮುಂದಿನ ವಾರ ಅವನ ಎರಡನೆಯ ಹುಟ್ಟುಹಬ್ಬ. ಬೀಗರು ಬರುವವರಿದ್ದರು. ಅದು ಸಾಲದೆಂದು ನಾನು ಜಂಬದಿಂದ ನಮ್ಮ ಕಚೇರಿಯ ಸಾಹೇಬರನ್ನೂ ಕರೆದಿದ್ದೆ. ಅವರೆದುರು ಪುಟ್ಟುವಾದರೆ ನನ್ನ ಮಾನ ಉಳಿಯುತ್ತದೆಯೇ? ಕೂಡಲೇ ಆಜ್ಞೆ ಹೊರಡಿಸಿದೆ: ಇನ್ನು ಮಗುವನ್ನು ಹೆಸರು ಹಿಡಿದೇ ಕರೆಯತಕ್ಕದ್ದು, ಪಾಪ ಬಂದರೆ ನನ್ನ ತಲೆಗಿರಲಿ. ಸೊಸೆ ಕಿವಿ ಮುಚ್ಚಿಕೊಂಡಳು. ಕಾವೇರಮ್ಮನ ಕಣ್ಣು ಮಾತ್ರ ಹೊಳೆಯಿತು.

"ಗಟ್ಟಿಯಾಗಿ ಕರೆಯಬಹುದಾ?"

"ಧಾರಾಳವಾಗಿ" ಎಂದೆ.

ಮರುದಿನ ಬೆಳಿಗ್ಗೆ ವಾಯುಸೇವನೆಗೆ ಹೊರಟ ಸಾಹೇಬರು ನಮ್ಮ ಗೇಟಿನ ಬಳಿ ನಿಂತು ನನ್ನೊಡನೆ ಮಾತಾಡುತ್ತಿದ್ದರು. ಇಷ್ಟು ವರ್ಷ ಅದುಮಿಟ್ಟಿದ್ದ ಹೆಸರು ಆಗಲೇ ಒಳಗಿನಿಂದ ಸಿಡಿಯಿತು.

"ತಿಮ್ಮಪ್ಪಯ್ಯಾ! ಚಡ್ಡಿ ಬಿಚ್ಚಿ ಎಲ್ಲಿ ಬಿಸಾಡಿದೆ? ಈಗ ಒಳಗೆ ಬರ್ತೀಯೋ, ಬೆತ್ತ ತರಬೇಕೋ?"

ಸಾಹೇಬರು ನನ್ನ ಪಂಚೆಯನ್ನೊಮ್ಮೆ ನೋಡಿದರು. ಏನೂ ಕೇಳಿಸದವರಂತೆ ಛತ್ರಿ ಬಿಡಿಸಿಕೊಂಡು ಹೊರಟುಹೋದರು. ಮಳೆ ಇರಲಿಲ್ಲ.

ಮಧ್ಯಾಹ್ನದೊಳಗೆ ಆಜ್ಞೆ ರದ್ದಾಯಿತು. ಇನ್ನೆರಡು ದಿನ ಇರಲಿ ಎಂದು ಕಾವೇರಮ್ಮ ಬಹಳ ಕೇಳಿಕೊಂಡಳು.

ಹುಟ್ಟುಹಬ್ಬದ ದಿನ ತಿರುಮಲೇಶ್ವರ ಭಟ್ಟರು ಬಾಳೆಗೊನೆ ಹೊತ್ತು ಬಂದರು. ಮಗು "ಅಜ್ಜಾ" ಎಂದು ಓಡಿಹೋಗಿ ಅವರ ಕಾಲು ತಬ್ಬಿಕೊಂಡಿತು. ಯಾರೂ ಹೇಳಿಕೊಟ್ಟಿರಲಿಲ್ಲ, ಅವರು ಕೇಳಿಯೂ ಇರಲಿಲ್ಲ. ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ? ಭಟ್ಟರು ಒಳ್ಳೆಯ ಮನಸ್ಸಿನಿಂದಲೇ ನನ್ನತ್ತ ಕೈ ತೋರಿಸಿ ಇವರು ಯಾರು ಎಂದು ಕೇಳಿದರು.

"ಪುಟ್ಟು!"

ಸಾಹೇಬರು ನಗು ತಡೆಯಲು ಕೆಮ್ಮಿದರು. ಅಭ್ಯಾಸಬಲದಿಂದ ನಾನು ಎದ್ದು ನಿಂತೆ.

ಕೊನೆಗೆ ಕೊಡಗು ಮೈಸೂರಿಗೆ ಸೇರಿತು. ನಮ್ಮ ಮನೆಯ ಪ್ರಶ್ನೆಯೂ ಇತ್ಯರ್ಥವಾಯಿತು. ಗಂಡನನ್ನು ಕರೆಯಲು ಹೆಸರಿಲ್ಲದೆ ಇಷ್ಟು ವರ್ಷ ಒದ್ದಾಡಿದ ಕಾವೇರಮ್ಮನಿಗೆ ಈಗ ಪದ್ಧತಿ ಮುರಿಯದೆಯೇ ಒಂದು ಹೆಸರು ಸಿಕ್ಕಿದೆ.

"ಅಜ್ಜಯ್ಯಾ, ಆ ಪುಟ್ಟುವನ್ನು ಊಟಕ್ಕೆ ಕರ್ಕೊಂಡು ಬಾ" ಎಂದು ಅಡುಗೆಮನೆಯಿಂದ ಕೂಗುತ್ತಾಳೆ.

ಚಡ್ಡಿಯಿಲ್ಲದ ಅಜ್ಜಯ್ಯ ಬಂದು ನನ್ನ ಕಿರುಬೆರಳು ಹಿಡಿದು ಎಳೆಯುತ್ತಾನೆ. ನಾನು ಏಳುತ್ತೇನೆ. ಅಜ್ಜಯ್ಯನ ಮಾತು ಮೀರುವುದುಂಟೇ!