ಕಿಟಕಿ ಪಕ್ಕದ ಕುರ್ಚಿಯ ಹಕ್ಕು

ಕೋರ್ಟಿನಲ್ಲಿ ಜೀವಮಾನವಿಡೀ ತೀರ್ಪುಗಳನ್ನು ಟೈಪು ಮಾಡಿ ನಿವೃತ್ತನಾದ ಮನುಷ್ಯನಿಗೆ ಮನೆಯಲ್ಲಿ ತೀರ್ಪು ಕೊಡುವ ಅಧಿಕಾರ ಸಿಕ್ಕೀತೇ? ಬೀದಿಯವರು ‘ಕಾನೂನಪ್ಪ’ ಎಂದು ಕರೆಯುತ್ತಿದ್ದ ನಮ್ಮ ಟೈಪಿಸ್ಟ್ ಮಹಾಶಯರಿಗೆ ಸಿಕ್ಕಿದ್ದು ಕಿಟಕಿ ಪಕ್ಕದ ಒಂದು ಬೆತ್ತದ ಕುರ್ಚಿ ಮಾತ್ರ. (ಅದೂ ಹೆಂಡತಿಯ ತವರಿನಿಂದ ಬಂದದ್ದು.) ಮಧ್ಯಾಹ್ನ ಊಟ ಮುಗಿಸಿ ಅದರಲ್ಲಿ ಒರಗಿದರೆ, ಗಾಳಿಗೆ ಉಬ್ಬಿದ ಪರದೆ ನ್ಯಾಯಾಧೀಶರ ನಿಲುವಂಗಿಯಾಗಿ ಮೆಲ್ಲಗೆ ಅವರ ಹೆಗಲ ಮೇಲೆ ಇಳಿಯುತ್ತಿತ್ತು. ಬೀದಿಯ ಸದ್ದು ದೂರ ಸರಿಯುತ್ತಿತ್ತು. ಫಿರ್ಯಾದಿ, ಪ್ರತಿವಾದಿ, ತಡೆಯಾಜ್ಞೆ, ಜಪ್ತಿ ಎಲ್ಲವೂ ಬಿಸಿಲುಕೋಲಿನಲ್ಲಿ ತೇಲುವ ಧೂಳಿನ ಹಾಗೆ ಕಣ್ಣ ಮುಂದೆ ಹಾಯುತ್ತಿದ್ದವು.

ಒಂದು ಮಧ್ಯಾಹ್ನ ಹೆಂಡತಿ ಬಂದು, ಇನ್ನು ಮೇಲೆ ಆ ಕುರ್ಚಿ ತನಗೆ ಬೇಕೆಂದಳು. ಏಕೆಂದು ಕೇಳಿದರೆ, ಏನೂ ಮಾಡದೆ ಹೊರಗೆ ನೋಡುತ್ತಾ ಕೂರಬೇಕು, ಮದುವೆಯಾದಾಗಿನಿಂದ ಆ ಒಂದು ಕೆಲಸಕ್ಕೆ ಪುರಸೊತ್ತಾಗಿಲ್ಲ ಎಂದಳು.

ಕಾನೂನಪ್ಪನವರು ಅರೆಗಣ್ಣು ತೆರೆದು ಗಂಟಲು ಸರಿಮಾಡಿಕೊಂಡರು. ಪ್ರತಿಕೂಲ ಸ್ವಾಧೀನ ಎಂಬ ಘನವಾದ ಪದವೊಂದಿದೆ. ಒಡೆಯರ ಕಣ್ಣೆದುರೇ, ಅವರ ಒಪ್ಪಿಗೆಯಿಲ್ಲದೆ, ಬಹುಕಾಲ ಎಡೆಬಿಡದೆ ಅನುಭವಿಸಿದವನಿಗೆ ಆ ಸ್ವತ್ತು ಒಲಿದುಬಿಡುತ್ತದೆ ಎಂದು ವಿವರಿಸಿದರು. (ಆ ಮಾತು ಜಮೀನಿಗೇ ಹೊರತು ಕುರ್ಚಿಗಲ್ಲ ಎಂಬುದನ್ನು ನುಂಗಿಕೊಂಡರು.)

ಅವಳು ಒದ್ದೆ ಕೈ ಒರೆಸಿಕೊಳ್ಳುತ್ತಾ ಕೇಳಿದಳು. “ಒಡೆಯರೇ ಕೂತ್ಕೊಳ್ಳಿ ಅಂತ ಒಪ್ಪಿಗೆ ಕೊಟ್ಟಿದ್ರೆ?”

ಹೆಂಡತಿ ಕಾನೂನಿನ ಪದವೊಂದರ ಬಗ್ಗೆ ಪ್ರಶ್ನೆ ಕೇಳಿದ್ದು ಅದೇ ಮೊದಲು. ಅವರು ಉಬ್ಬಿಹೋದರು. “ಭೇಷ್, ಒಳ್ಳೇ ಪ್ರಶ್ನೆ. ಒಪ್ಪಿಗೆ ಇದ್ರೆ ಎಷ್ಟು ಕಾಲ ಕೂತ್ರೂ ಹಕ್ಕು ಹುಟ್ಟಲ್ಲ ಕಣೆ. ಒಡೆಯರು ಏಳು ಅಂದ್ರೆ ಏಳಲೇಬೇಕು.”

“ದಿನಾ ಊಟ ಆದ್ಮೇಲೆ, ಹೋಗಿ ಸ್ವಲ್ಪ ಒರಗಿಕೊಳ್ಳಿ ಅಂತಿದ್ದೋರು ಯಾರು?”

“ನೀನೇ ಕಣೆ,” ಎಂದುಬಿಟ್ಟರು ಕಾನೂನಪ್ಪನವರು.

“ಹಾಗಾದ್ರೆ ಏಳಿ,” ಎಂದಳು.

ಅವರು ಎದ್ದರು. ಅವಳು ಕೂತು, ಕಾಲು ಚಾಚಿ, ಕಿಟಕಿಯಾಚೆ ಎಲ್ಲೋ ನೋಡತೊಡಗಿದಳು. ಆ ಮುಖದಲ್ಲಿ ಮದುವೆಗೆ ಮುಂಚಿನ ಹುಡುಗಿಯೊಬ್ಬಳು ಸುಳಿದು ಹೋದಂತಾಯಿತು. ನೋಡುತ್ತಾ ನಿಂತ ಅವರಿಗೆ ಜಗಳವೇ ಮರೆತುಹೋಯಿತು. ಆದರೂ ಸೋತವನಿಗೂ ಒಂದು ಗೌರವ ಬೇಡವೇ? “ಇನ್ನು ಇದರ ತಂಟೆಗೆ ಬರಲ್ಲ ಅಂತ ಬೇಕಾದ್ರೆ ಮುಚ್ಚಳಿಕೆ ಬರ್ಕೊಡ್ತೀನಿ,” ಎಂದರು ಗಂಭೀರವಾಗಿ.

ಅವಳ ಕಣ್ಣು ಆಗಲೇ ಮುಚ್ಚಿಕೊಳ್ಳುತ್ತಿತ್ತು. “ಮುಚ್ಚಳಿಕೆ ಬೇಡ,” ಎಂದಳು ನಿದ್ದೆಯ ಅಂಚಿನಿಂದ. “ಒಲೆ ಮೇಲಿನ ಪಾತ್ರೆಗೆ ಮುಚ್ಚಳ ಹಾಕಿ ಬನ್ನಿ, ಸಾಕು.”