ರಿವಾಲ್ವರೋ ಪಿಸ್ತೂಲೋ ಎಂಬ ಎಂಟು ತಿಂಗಳು

"ಇನ್ನು ಮೇಲೆ ಈ ಅನಂತರಾಮಯ್ಯನ ಸ್ಕೂಟರಿಗೆ ಅಡ್ಡ ನಿಲ್ಲೋ ಗಂಡಸು ತುಮಕೂರು ಜಿಲ್ಲೇಲಿ ಹುಟ್ಟಿಲ್ಲ ಅಂತ ತಿಳ್ಕೊ."

ಹೀಗೆಂದು ಅನಂತರಾಮಯ್ಯನವರು ಬಂದೂಕಿನ ಲೈಸೆನ್ಸಿನ ಪುಸ್ತಕವನ್ನು ಹೆಂಡತಿಯ ಮುಂದೆ ಇಟ್ಟರು. ಕೌಸಲ್ಯ ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ಪುಸ್ತಕವನ್ನು ಒಂದೇ ಬೆರಳಿನಿಂದ ಪಕ್ಕಕ್ಕೆ ಸರಿಸಿದರು.

"ಗುಂಡು ಹಾಕೋ ಅಭ್ಯಾಸ ಈ ಮನೇಲಿ ಯಾರಿಗೂ ಇರ್ಲಿಲ್ಲ. ಐವತ್ತೇಳನೇ ವಯಸ್ಸಲ್ಲಿ ನೀವು ಶುರು ಮಾಡಿ," ಎಂದರು.

ಅದು ಎರಡು ಸಾವಿರದ ಎರಡನೇ ಇಸವಿ. ಅಂತರಸನಹಳ್ಳಿಯಲ್ಲಿ ಪಂಪ್‌ಸೆಟ್ಟಿನ ಫುಟ್‌ವಾಲ್ವ್ ತಯಾರಿಸುವ ಸಣ್ಣ ಕಾರ್ಖಾನೆ ಅನಂತರಾಮಯ್ಯನವರದು. ಹಿಂದಿನ ವರ್ಷ ಗುಬ್ಬಿಯ ಅಂಗಡಿಗಳಿಗೆ ಮಾಲು ಮುಟ್ಟಿಸಿ ವಾಪಸು ಬರುವಾಗ, ಹಾಡುಹಗಲು ಮೂರು ಗಂಟೆಗೆ, ಇಬ್ಬರು ಸ್ಕೂಟರ್ ಅಡ್ಡಗಟ್ಟಿ ವಾಚು, ಉಂಗುರ ಬಿಚ್ಚಿಸಿಕೊಂಡಿದ್ದರು. ಸಾಲದೆಂದು ಟಿಫನ್ ಕ್ಯಾರಿಯರನ್ನೂ ಕಿತ್ತುಕೊಂಡಿದ್ದರು. ಅವರಲ್ಲಿ ಒಬ್ಬ ಅಲ್ಲೇ ಮುಚ್ಚಳ ತೆಗೆದು, ಮಿಕ್ಕಿದ್ದ ಚಿತ್ರಾನ್ನ ತಿಂದು, "ಉಪ್ಪು ಕಮ್ಮಿ ಐತೆ" ಎಂದಿದ್ದನ್ನು ಮಾತ್ರ ಅವರು ಇಂದಿನವರೆಗೂ ಹೆಂಡತಿಗೆ ಹೇಳಿಲ್ಲ. ಆ ಅವಮಾನವೇ ಅವರನ್ನು ಅರ್ಜಿ, ಪೊಲೀಸ್ ವಿಚಾರಣೆ, ಕಚೇರಿಯ ಮೆಟ್ಟಿಲುಗಳೆಲ್ಲವನ್ನೂ ದಾಟಿಸಿ ಲೈಸೆನ್ಸಿನವರೆಗೆ ತಂದಿತ್ತು. ವಿಚಾರಣೆಗೆ ಬಂದ ಪೇದೆ ಪಕ್ಕದ ಮನೆಯ ಗಂಗಲಕ್ಷ್ಮಮ್ಮನನ್ನು, "ಇವರಿಗೆ ಮುಂಗೋಪ ಏನಾದ್ರೂ ಇದೆಯಾ?" ಎಂದು ಕೇಳಿದ್ದ. ಆಕೆ, "ಅವರಿಗಾ? ಆ ಮನೇಲಿ ಕೋಪ ಮಾಡ್ಕೊಳೋಕೆ ಅವರ ಸರದಿ ಬಂದಿದ್ದೇ ನಾನು ನೋಡಿಲ್ಲ," ಎಂದಿದ್ದರು. ಆ ಮಾತಿನಿಂದಲೇ ಲೈಸೆನ್ಸ್ ಬೇಗ ಸಿಕ್ಕಿತು ಎನ್ನಬೇಕು.

ಲೈಸೆನ್ಸಿನಲ್ಲಿ 'ರಿವಾಲ್ವರ್ ಅಥವಾ ಪಿಸ್ತೂಲು' ಎಂದು ಬರೆದಿತ್ತು. ಎಲ್ಲ ಕೇಡಿಗೂ ಕಾರಣ ಆ 'ಅಥವಾ'.

ಫ್ರಿಜ್ಜಿಗೆ ಒಂದು ಬಾಗಿಲಿರಬೇಕೋ ಎರಡಿರಬೇಕೋ ಎಂದು ಯೋಚಿಸುತ್ತಾ ಎರಡು ಬೇಸಿಗೆ ಮಡಕೆಯ ನೀರು ಕುಡಿದವರು ಅನಂತರಾಮಯ್ಯ. ಮಗಳಿಗೆ ಅಪರ್ಣ ಎಂಬ ಹೆಸರು ಗೊತ್ತುಮಾಡುವ ಹೊತ್ತಿಗೆ ಮಗು ತಾನೇ ಎದ್ದು ಓಡಾಡುತ್ತಿತ್ತು. ಅಂಥವರ ಕೈಗೆ ಸರ್ಕಾರ 'ಅಥವಾ' ಎಂದು ಬರೆದು ಕೊಡಬಾರದಿತ್ತು.

ಮೊದಲು ಅವರು ಕೇಳಿದ್ದು ಸರ್ದಾರ್ ಪಾಷಾನನ್ನು. ಪಾಷಾ ಪಕ್ಕದ ಷೆಡ್ಡಿನಲ್ಲಿ ಲೇತ್ ಇಟ್ಟುಕೊಂಡವನು. ಇಪ್ಪತ್ತು ವರ್ಷದ ಸ್ನೇಹ. ಯಾವ ಯಂತ್ರವಾದರೂ ಶಬ್ದ ಕೇಳಿಯೇ ರೋಗ ಹೇಳುತ್ತಿದ್ದ.

"ಕಣ್ ಮುಚ್ಕೊಂಡು ರಿವಾಲ್ವರ್ ತಗೊಳಿ ಅನಂತಣ್ಣ," ಎಂದ ಪಾಷಾ. "ಆರು ಗುಂಡು, ಒಂದು ಉರುಳೆ, ಅಷ್ಟೇ. ಒಂದು ಗುಂಡು ಹಾರ್ಲಿಲ್ಲ ಅಂದ್ರೆ ಇನ್ನೊಂದ್ ಸಲ ಒತ್ತಿ, ಮುಂದಿನದು ಬರುತ್ತೆ. ಪಿಸ್ತೂಲಲ್ಲಿ ಸ್ಪ್ರಿಂಗು, ಮ್ಯಾಗಜೀನು ಅಂತ ನೂರೆಂಟು. ಸಿಕ್ಕಾಕ್ಕೊಂಡ್ರೆ ಏನ್ ಮಾಡ್ತೀರಿ? ಕಳ್ಳನಿಗೆ ಒಂದ್ನಿಮಿಷ ನಿಲ್ಲಪ್ಪಾ ಅಂತೀರಾ?"

ಅನಂತರಾಮಯ್ಯನವರು ಆ ಸಂಜೆ ರಿವಾಲ್ವರ್ ಎಂದು ತೀರ್ಮಾನಿಸಿಬಿಟ್ಟರು. ಆ ತೀರ್ಮಾನ ಭಾನುವಾರದವರೆಗೆ ಬದುಕಿತ್ತು. ಭಾನುವಾರ ಕುಣಿಗಲ್ಲಿನಿಂದ ಕೌಸಲ್ಯರ ಅಣ್ಣ ವೆಂಕಟರಂಗಯ್ಯ ಬಂದರು. ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತರಾದವರು. ಕಾಫಿ ಲೋಟವನ್ನೂ ಸೆಲ್ಯೂಟ್ ಹೊಡೆಯುವವರ ಹಾಗೆ ಎತ್ತಿ ಕುಡಿಯುವವರು.

"ರಿವಾಲ್ವರಾ? ಭಾವನೋರೆ, ಅದರ ಉರುಳೆ ಇಷ್ಟು ದಪ್ಪ ಇರುತ್ತೆ. ನಿಮಗೆ ಮೊದ್ಲೇ ಹೊಟ್ಟೆ ಇದೆ, ಸೊಂಟಕ್ಕೆ ಅದೂ ಸಿಕ್ಕಿಸ್ಕೊಂಡ್ರೆ ಊರಿಗೆಲ್ಲ ಕಾಣುತ್ತೆ. ಪಿಸ್ತೂಲು ಚಪ್ಪಟೆ. ಷರಟಿನ ಒಳಗೆ ಇದೆಯೋ ಇಲ್ವೋ ಗೊತ್ತೇ ಆಗಲ್ಲ. ಗುಂಡೂ ಜಾಸ್ತಿ ಹಿಡಿಯುತ್ತೆ."

"ಸಿಕ್ಕಾಕ್ಕೊಂಡ್ರೆ?"

"ದಿನಾ ಎಣ್ಣೆ ಹಾಕಿ ಒರೆಸಿದ್ರೆ ಯಾಕೆ ಸಿಕ್ಕಾಕ್ಕೊಳುತ್ತೆ?"

ಒಳಗಿನಿಂದ ಕೌಸಲ್ಯರ ಧ್ವನಿ ಬಂತು: "ಸ್ಕೂಟರಿನ ಚಕ್ರಕ್ಕೆ ಗಾಳಿ ಇಲ್ಲದೆ ಮೂರು ದಿನ ಆಯ್ತು, ಅಣ್ಣ."

ಹೀಗೆ ಆರು ತಿಂಗಳು ಕಳೆಯಿತು. ಪಾಷಾ ಕಂಡ ದಿನ ರಿವಾಲ್ವರ್, ಕುಣಿಗಲ್ಲಿನಿಂದ ಫೋನು ಬಂದ ದಿನ ಪಿಸ್ತೂಲು. ಕೊಳ್ಳಲು ಲೈಸೆನ್ಸಿನಲ್ಲಿ ಕೊಟ್ಟಿದ್ದ ಅವಧಿ ಮುಗಿದು, ಅನಂತರಾಮಯ್ಯನವರು ಕಚೇರಿಗೆ ಹೋಗಿ ಎರಡು ತಿಂಗಳು ಹೆಚ್ಚಿಗೆ ಕೇಳಿಕೊಂಡು ಬಂದರು. "ಇದೇ ಕೊನೆ. ಆಮೇಲೆ ಮತ್ತೆ ಮೊದಲಿಂದ ಅರ್ಜಿ ಹಾಕ್ಬೇಕು," ಎಂದು ಗುಮಾಸ್ತ ಕದರಯ್ಯ ಕಡ್ಡಿ ಮುರಿದಂತೆ ಹೇಳಿದ.

ಅದರಲ್ಲೂ ಒಂದೂವರೆ ತಿಂಗಳು ಕಳೆದ ಮೇಲೆ ಕೌಸಲ್ಯರ ತಾಳ್ಮೆ ತಪ್ಪಿತು. "ಎರಡನ್ನೂ ಒಂದೊಂದು ವಾರ ಸೊಂಟಕ್ಕೆ ಕಟ್ಕೊಂಡು ಓಡಾಡಿ ನೋಡ್ರೀ. ಯಾವುದು ಚುಚ್ಚಲ್ವೋ ಅದನ್ನ ತಗೊಳಿ. ನನ್ನ ತಲೆ ತಿನ್ಬೇಡಿ," ಎಂದರು.

"ತಗೊಳ್ದೇ ಹೇಗೆ ಕಟ್ಕೊಳ್ಳೋದು?"

"ಅಷ್ಟೇ ತೂಕದ್ದು ಏನಾದ್ರೂ ಕಟ್ಕೊಳಿ."

ಸಿಟ್ಟಿನಲ್ಲಿ ಆಡಿದ ಮಾತು ಅದು. ಅನಂತರಾಮಯ್ಯನವರಿಗೆ ಮಾತ್ರ ಇಷ್ಟು ತಿಂಗಳಲ್ಲಿ ಕೇಳಿದ ಏಕೈಕ ವೈಜ್ಞಾನಿಕ ಸಲಹೆಯಾಗಿ ಕಂಡಿತು. ಸೋಮವಾರ ಅಡುಗೆಮನೆಯ ಹಿತ್ತಾಳೆ ಕುಟ್ಟಾಣಿಯನ್ನು ಬಟ್ಟೆಯಲ್ಲಿ ಸುತ್ತಿ, ರಿವಾಲ್ವರ್ ಸ್ಥಾನದಲ್ಲಿ, ಹೊಟ್ಟೆಯ ಎಡಭಾಗಕ್ಕೆ ಬಿಗಿದುಕೊಂಡು ಕಾರ್ಖಾನೆಗೆ ಹೋದರು.

ಮಧ್ಯಾಹ್ನದ ಹೊತ್ತಿಗೆ ಹಳೆಯ ಕೆಲಸಗಾರ ಚಿಕ್ಕಬೀರಯ್ಯ ಮೆಲ್ಲಗೆ ಹತ್ತಿರ ಬಂದ.

"ಯಜಮಾನ್ರೆ, ತಪ್ಪು ತಿಳ್ಕಬ್ಯಾಡಿ. ಯಾವಾಗಿಂದ ಐತೆ ಅದು?"

"ಯಾವುದು?"

"ನಮ್ ಹಾಗಲವಾಡಿ ಭಾವಂಗೂ ಹಿಂಗೇ ಆಗಿತ್ತು. ಹರ್ನಿಯ. ಮೊದ್ಲು ನಿಂಬೆಹಣ್ಣಿನ ಗಾತ್ರ ಇತ್ತು, ಆಮೇಲೆ ನಿಮ್ದಷ್ಟಾಯ್ತು. ಡಾಕ್ಟ್ರು ಕುಯ್ದು ಬಲೆ ಹಾಕುದ್ರು. ಈಗ ಗುಂಡುಕಲ್ಲಂಗವ್ನೆ. ಮುಚ್ಚಿಟ್ಕಬ್ಯಾಡಿ."

ಇದು ಕುಟ್ಟಾಣಿ ಎಂದು ಹೇಳುವುದು ಹೇಗೆ? ಕುಟ್ಟಾಣಿ ಎಂದರೆ ಯಾಕೆ ಎಂಬ ಪ್ರಶ್ನೆ ಬರುತ್ತದೆ. ರಿವಾಲ್ವರಿನ ಸುದ್ದಿ ಕಾರ್ಖಾನೆಯಲ್ಲಿ ಹಬ್ಬುವುದು ಬೇಡವೆಂದು ಅನಂತರಾಮಯ್ಯನವರು, "ಹೂಂ, ತೋರಿಸ್ತೀನಿ," ಎಂದುಬಿಟ್ಟರು. ಒಪ್ಪಿಕೊಂಡದ್ದೇ ತಪ್ಪಾಯಿತು. ಬುಧವಾರ ಬೀದಿಯವರೆಲ್ಲ ಅವರ ಮುಖ ಬಿಟ್ಟು ಹೊಟ್ಟೆಯನ್ನೇ ನೋಡಿ ನಮಸ್ಕಾರ ಮಾಡತೊಡಗಿದರು. ಶುಕ್ರವಾರ ಗಂಗಲಕ್ಷ್ಮಮ್ಮ ಗಂಜಿ ಮಾಡಿಕೊಂಡು ಬಂದು ಕೌಸಲ್ಯರ ಕೈ ಹಿಡಿದು ಕಣ್ಣೊರೆಸಿಕೊಂಡರು. ಕೌಸಲ್ಯರಿಗೆ ಏಲಕ್ಕಿ ಕುಟ್ಟಲು ಕುಟ್ಟಾಣಿಯೂ ಇಲ್ಲ, ಗಂಡನಿಗೆ ಏನೂ ಆಗಿಲ್ಲವೆಂದರೆ ನಂಬುವವರೂ ಇಲ್ಲ.

ಎರಡನೇ ವಾರ ಪಿಸ್ತೂಲಿನ ಸರದಿ. ಚಪ್ಪಟೆಯಾದ ಸೋಪಿನ ಡಬ್ಬಿಗೆ ತೂಕಕ್ಕೆ ಮೊಳೆ ತುಂಬಿ ಬೆನ್ನಿನ ಕಡೆ ಸಿಕ್ಕಿಸಿಕೊಂಡರು. ವೆಂಕಟರಂಗಯ್ಯ ಹೇಳಿದಂತೆ ಅದು ಕಾಣಲಿಲ್ಲ. ಆದರೆ ನಡೆದಾಗಲೆಲ್ಲ ಗೆಜ್ಜೆ ಕಟ್ಟಿದಂತೆ ಸದ್ದಾಗುತ್ತಿತ್ತು. ಬ್ಯಾಂಕಿನ ಬಾಗಿಲಲ್ಲಿ ಕಾವಲುಗಾರ ತಡೆದ.

"ಸಾರ್, ಬೆನ್ನಲ್ಲಿ ಏನದು?"

"ಸೋಪಿನ ಡಬ್ಬಿ."

"ಒಳಗೆ?"

"ಮೊಳೆ."

"ಯಾಕೆ ಸಾರ್?"

ಅನಂತರಾಮಯ್ಯನವರನ್ನು ಮ್ಯಾನೇಜರ ಕೋಣೆಯಲ್ಲಿ ಮುಕ್ಕಾಲು ಗಂಟೆ ಕೂರಿಸಿದರು. ಕೊನೆಗೆ ಪಾಷಾ ಬಂದು, "ಇವರು ಒಳ್ಳೆಯವರೇ, ಸ್ವಲ್ಪ ಯೋಚನೆ ಜಾಸ್ತಿ," ಎಂದು ಜಾಮೀನು ಹೇಳಿ ಬಿಡಿಸಿಕೊಂಡು ಬಂದ.

ಅವಧಿಗೆ ನಾಲ್ಕು ದಿನ ಉಳಿದಿತ್ತು. ಕೌಸಲ್ಯ ಸೀರೆ ಉಟ್ಟು ಚೀಲ ಹಿಡಿದು ಬಾಗಿಲಲ್ಲಿ ನಿಂತರು. "ನಡೀರಿ ಬೆಂಗಳೂರಿಗೆ. ಇವತ್ತು ಏನಾದ್ರೂ ಒಂದು ತಗೊಂಡೇ ಬರೋದು."

ಬಂದೂಕಿನ ಅಂಗಡಿಯ ಯಜಮಾನರು ವಯಸ್ಸಾದವರು. ಎಂಟು ತಿಂಗಳ ಕಥೆಯನ್ನು ಪೂರ್ತಿ ಕೇಳಿಸಿಕೊಂಡು, ಖಾಲಿ ರಿವಾಲ್ವರೊಂದನ್ನೂ ಖಾಲಿ ಪಿಸ್ತೂಲೊಂದನ್ನೂ ತೆಗೆದು ತೋರಿಸಿ ಮೇಜಿನ ಮೇಲಿಟ್ಟರು.

"ದಪ್ಪ, ಚಪ್ಪಟೆ ಎಲ್ಲ ಆಮೇಲೆ ಸ್ವಾಮಿ. ಮೊದಲು ಕೈ ಕೇಳುತ್ತಾ ನೋಡಿ. ಗೋಡೆ ಕಡೆ ಹಿಡಿದು ಟ್ರಿಗರ್ ಒತ್ತಿ."

ಅನಂತರಾಮಯ್ಯನವರು ಕಾಲಗಲಿಸಿ ನಿಂತು ರಿವಾಲ್ವರ್ ಹಿಡಿದರು. ಒತ್ತಿದರು. ಅದು ಅಲುಗಲಿಲ್ಲ. ಹಲ್ಲು ಕಚ್ಚಿ ಮತ್ತೆ ಒತ್ತಿದರು. ಕತ್ತಿನ ನರ ಉಬ್ಬಿತು, ಟ್ರಿಗರ್ ಅರ್ಧ ಬಂದು ನಿಂತಿತು. ವರ್ಷಗಟ್ಟಲೆ ಸಂಧಿವಾತದಿಂದ ಊದಿದ ತೋರುಬೆರಳು ಅದು. ಇಷ್ಟು ದಿನ ತೂಕ, ಗಾತ್ರ, ಗುಂಡು, ಎಲ್ಲವನ್ನೂ ಲೆಕ್ಕ ಹಾಕಿದ್ದ ಅವರು ಆ ಬೆರಳನ್ನು ಮರೆತಿದ್ದರು.

"ಮೇಲಿನ ಹ್ಯಾಮರನ್ನ ಮೊದ್ಲು ಹಿಂದಕ್ಕೆ ಎಳ್ಕೊಂಡು ಒತ್ತಿದ್ರೆ ಹಗುರ," ಎಂದರು ಯಜಮಾನರು. "ಆದ್ರೆ ಕಳ್ಳ ಅಷ್ಟೊತ್ತು ಕಾಯ್ಬೇಕು."

ಪಿಸ್ತೂಲು ಎತ್ತಿಕೊಂಡರು. ಅದರ ಟ್ರಿಗರ್ ಒತ್ತುವ ಮೊದಲು ಮೇಲಿನ ಭಾಗವನ್ನು ಹಿಂದಕ್ಕೆ ಎಳೆದು ಬಿಡಬೇಕು. ಎರಡು ಸಲ ಬೆರಳು ಜಾರಿತು. ಮೂರನೇ ಸಲ ಉಗುರಿನ ಪಕ್ಕ ಸಿಪ್ಪೆ ಎದ್ದಿತು. ಬಾಯಲ್ಲಿ ಬೆರಳಿಟ್ಟುಕೊಂಡು ನಿಂತ ಅವರನ್ನು ನೋಡಲಾರದೆ ಯಜಮಾನರು ಗೋಡೆಯ ಕ್ಯಾಲೆಂಡರ್ ನೋಡಿದರು.

"ಎಲ್ಲಿ, ಇಲ್ಲಿ ಕೊಡಿ," ಎಂದರು ಕೌಸಲ್ಯ.

"ನಿಂಗ್ಯಾಕೆ? ಅದು ಗಟ್ಟಿ ಇದೆ ಕಣೇ."

ಕೌಸಲ್ಯ ಸೆರಗು ಸಿಕ್ಕಿಸಿ ಗೋಡೆಯ ಕಡೆ ತಿರುಗಿದರು. ಪಿಸ್ತೂಲಿನ ಮೇಲ್ಭಾಗ ಚಟಕ್ಕೆಂದು ಹಿಂದೆ ಹೋಗಿ ಬಂತು. ಆಮೇಲೆ ರಿವಾಲ್ವರ್ ಹಿಡಿದು ಆರು ಸಲ, ಹುರುಳಿಕಾಯಿ ಮುರಿದ ಹಾಗೆ, ಟಕ್ಕಟಕ್ಕನೆ ಒತ್ತಿದರು.

ಯಜಮಾನರು ಕುರ್ಚಿಯಿಂದ ಎದ್ದರು. "ಅಮ್ಮ, ಮೊದಲು ಎಲ್ಲಾದ್ರೂ ಕಲ್ತಿದ್ರಾ?"

"ಇಪ್ಪತ್ತೆಂಟು ವರ್ಷದಿಂದ ಇವರ ಪಂಚೆ, ಜಮಖಾನೆ, ಕಂಬಳಿ ಎಲ್ಲ ಕೈಯಲ್ಲೇ ಹಿಂಡ್ತಿದೀನಿ. ವಾಷಿಂಗ್ ಮೆಷೀನ್ ಮೇಲಿಂದ ಹಾಕೋದೋ ಮುಂದಿಂದ ಹಾಕೋದೋ ಅಂತ ಇವರಿನ್ನೂ ಯೋಚನೆ ಮಾಡ್ತಿದಾರೆ."

"ನಿಮಗೆ ಇವೆರಡರಲ್ಲಿ ಯಾವುದು ಆಗ್ಬಹುದು?"

"ರಿವಾಲ್ವರ್. ಒಳಗೆ ಗುಂಡಿದೆಯೋ ಇಲ್ವೋ ತೆಗೆದು ನೋಡಿದ್ರೆ ಕಣ್ಣಿಗೆ ಕಾಣುತ್ತೆ. ಮನೇಲಿ ಇಡೋದಕ್ಕೆ ಅದೇ ವಾಸಿ," ಎಂದು ಕೌಸಲ್ಯ ಎರಡೇ ನಿಮಿಷದಲ್ಲಿ ಹೇಳಿ ಮುಗಿಸಿದರು.

"ಸರಿಯಾಗಿ ಹೇಳಿದ್ರಿ. ಆದ್ರೆ ಲೈಸೆನ್ಸ್ ಇವರ ಹೆಸರಲ್ಲಿದೆಯಲ್ಲ," ಎಂದು ಯಜಮಾನರು ಎರಡನ್ನೂ ಒಳಗಿಟ್ಟು ಬೀಗ ಹಾಕಿದರು.

ತುಮಕೂರಿನ ಬಸ್ಸಿನಲ್ಲಿ ಅನಂತರಾಮಯ್ಯನವರು ಬೆರಳಿಗೆ ಬಟ್ಟೆ ಸುತ್ತಿಕೊಂಡು ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದರು. ಕ್ಯಾತ್ಸಂದ್ರ ದಾಟುವಾಗ ಹೆಂಡತಿಯ ಕಡೆ ತಿರುಗಿ, "ಹಾಗಾದ್ರೆ ನೀನೇ ಅರ್ಜಿ ಹಾಕ್ತೀಯಾ?" ಎಂದು ಕೇಳಿದರು.

"ಹಾಕ್ತೀನಿ. ಗುಬ್ಬಿ ರಸ್ತೇಲಿ ಸ್ಕೂಟರಿನ ಹಿಂದೆ ನಾನೂ ಕೂತ್ಕೊಂಡು ಬರ್ತೀನಿ. ನೀವು ಓಡಿಸಿ ಸಾಕು."

ಅವಧಿ ತಾನಾಗಿಯೇ ಮುಗಿಯಿತು. ಮುಂದಿನ ವಾರ ಇಬ್ಬರೂ ಕಚೇರಿಗೆ ಹೋದರು. ಅಕ್ಷರ ದುಂಡಗಿದೆಯೆಂದು ಅರ್ಜಿ ತುಂಬಿದ್ದು ಅನಂತರಾಮಯ್ಯನವರೇ. ಹೆಸರು, ವಯಸ್ಸು, ವಿಳಾಸ ಎಲ್ಲ ಸರಾಗವಾಗಿ ಬರೆದು, ಆಯುಧ ಬೇಕಾಗಿರುವ ಕಾರಣ ಎಂಬಲ್ಲಿ ಪೆನ್ನು ನಿಲ್ಲಿಸಿ ಹೆಂಡತಿಯ ಮುಖ ನೋಡಿದರು.

"ಏನಂತ ಬರೀಲಿ?"

"ಇದಕ್ಕೂ ಯೋಚನೆ ಮಾಡ್ಬೇಕಾ? ಗಂಡನ ರಕ್ಷಣೆಗೆ ಅಂತ ಬರೀರಿ."

ಅವರು ಬರೆದರು. ಗುಮಾಸ್ತ ಕದರಯ್ಯ ಆ ಸಾಲು ಓದಿ, ಕನ್ನಡಕ ಮೇಲೆತ್ತಿ ಅನಂತರಾಮಯ್ಯನವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಟಪ್ಪೆಂದು ಸೀಲು ಒತ್ತಿದ.