ಮಾಳಿಗೆ ಮೇಲಿನ ಬೀಗರು

ನೆಂಟರನ್ನು ಬಾಗಿಲಲ್ಲೇ ನಿಲ್ಲಿಸಿ ಅವರ ಕೆಮ್ಮಿನ ವಿಚಾರಣೆ ಮಾಡುವ ಮನುಷ್ಯ ಇಡೀ ಶಹಾಬಾದಿನಲ್ಲಿ ಒಬ್ಬರೇ. ಅವರು ನಮ್ಮ ಕಾಕಾ ಎಂದು ಹೇಳಿಕೊಳ್ಳಲು ನನಗೆ ಭಾರೀ ಹೆಮ್ಮೆ. ಕಾಕಾನದು ಹಾಸುಗಲ್ಲಿನ ವ್ಯಾಪಾರ. ಕಲ್ಲಿನ ಧೂಳಿಗೆ ನಮ್ಮ ಓಣಿಯಲ್ಲಿ ಎಲ್ಲರೂ ಕೆಮ್ಮುವವರೇ. ಅದರಲ್ಲಿ ಕೊರೊನಾ ಕೆಮ್ಮು ಯಾವುದು, ಓಣಿಯ ಕೆಮ್ಮು ಯಾವುದು ಎಂದು ಹೇಗೆ ತಿಳಿಯಬೇಕು? ಕಾಕಾಗೆ ತಿಳಿಯುತ್ತಿತ್ತಂತೆ!

ನಾವೆಲ್ಲ ಮಾಸ್ಕನ್ನು ಮೊಳೆಗೆ ತೂಗುಹಾಕಿ ಮರೆತ ಮೇಲೂ, ಟಿವಿಯಲ್ಲಿ ಹೊಸ ರೂಪಾಂತರಿಯ ಹೆಸರು ಬಂತೆಂದರೆ ಕಾಕಾ ಎದ್ದು ಕೂರುತ್ತಿದ್ದರು. ಡೆಲ್ಟಾ, ಒಮಿಕ್ರಾನ್ ತನಕ ಹೇಗೋ ಸರಿ. ಆಮೇಲೆ ಬಸ್ಸಿನ ನಂಬರಿನಂಥ ಹೆಸರುಗಳು ಬಂದವು. ಅವನ್ನೂ ಬಾಯಿಪಾಠ ಮಾಡಿದರು.

ಒಮ್ಮೆ ಚಿತ್ತಾಪುರದಿಂದ ಬಂದ ಷಡ್ಡಕರನ್ನು ಅಂಗಳದಲ್ಲೇ ಕೂರಿಸಿ ಚಹಾ ಕೊಟ್ಟರು.

"ಮೂರು ಸೂಜಿ ತಗೊಂಡೀನಲ್ರಿ, ಇನ್ಯಾಕ ಅಂಜಿಕಿ?" ಎಂದರು ಷಡ್ಡಕರು.

"ಜೀವಕ್ಕ ಧೋಕಾ ಕಮ್ಮಿ, ಖರೆ. ಆದ್ರ ಈಗಿಂದು ವೇಷ ಬದಲಿ ಮಾಡ್ಯಾದ. ನಿಮಗ ಬರಂಗೇ ಇಲ್ಲ, ನೀವು ಯಾರಿಗೂ ಕೊಡಂಗೇ ಇಲ್ಲ ಅಂತ ಏನಿಲ್ಲ. ಚಹಾ ಕುಡೀರಿ, ಆರತದ."

ಬೇಸಿಗೆಯಲ್ಲಿ ಕಾಕಾನ ಒಬ್ಬಳೇ ಮಗಳ ಮದುವೆ. ಮನೆ ಮುಂದೆಯೇ ಹಂದರ. ಅದೇ ವಾರ ಮತ್ತೊಂದು ರೂಪಾಂತರಿಯ ಸುದ್ದಿ. ಮದುವೆಯ ಬೆಳಗ್ಗೆ ಕೆಮ್ಮಿದವರು ಯಾರು? ಸ್ವತಃ ಕಾಕಾ! ಮೈಯೂ ಬಿಸಿಯಾಗಿತ್ತು.

"ಕಲ್ಲಿನ ಧೂಳದು, ಸುಮ್ಮನಿರ್ರಿ" ಎಂದರು ಕಾಕಾನ ಹೆಂಡತಿ, ನಮ್ಮ ಕಾಕು. ಹಾಗೆಂದಿದ್ದರೆ ಊರೆಲ್ಲ ನಂಬುತ್ತಿತ್ತು. ಕಾಕಾ ಮಾತ್ರ ಒಳಗೆ ಹೋಗಿ ಕಿಟ್ ಬಿಚ್ಚಿ ಪರೀಕ್ಷೆ ಮಾಡಿಕೊಂಡರು. ಎರಡು ಗೆರೆ ಮೂಡಿದವು, ಕೊರೊನಾನೇ. ಆಮೇಲೆ ನಮ್ಮೆಲ್ಲರ ಮೂಗಿಗೂ ಕಡ್ಡಿ ಹಾಕಿಸಿದ ಮೇಲೆಯೇ ಹಂದರಕ್ಕೆ ಬಿಟ್ಟರು. ಮದುಮಗಳ ಮೂಗನ್ನೂ ಬಿಡಲಿಲ್ಲ.

"ಗಂಡಿನ ಅಜ್ಜಿಗೆ ಉಬ್ಬಸ ಅದ. ನಾ ಕೆಳಗ ಇರಬಾರದು. ಧಾರಿ ನೀ ಎರಿ ಅಣ್ಣಾ" ಎಂದು ದೂರದಿಂದಲೇ ನಮ್ಮಪ್ಪನಿಗೆ ಹೇಳಿ, ಹೊರಗಿನ ಮೆಟ್ಟಿಲು ಹತ್ತಿ ಮಾಳಿಗೆ ಸೇರಿದರು.

ಬೀಗರಿಗೂ ಮುಚ್ಚಿಡದೆ ಹೇಳಿದೆವು. ಗಂಡಿನ ತಂದೆ ಗಾಬರಿಯಾಗಿ ಮೇಲೆ ನೋಡಿ, "ಮದಿವಿ ಮುಂದ ಹಾಕೋಣೇನ್ರಿ?" ಎಂದರು.

"ಮುಂದ ಯಾಕ್ರಿ? ನಾ ದೂರ ಅದೀನಿ. ಅಜ್ಜಿಗೆ ಗಾಳಿ ಆಡೋ ಕಡಿ ಕುರ್ಚಿ ಹಾಕ್ರಿ."

ಹಂದರದ ಒಂದು ಮಗ್ಗುಲಿನ ಬಟ್ಟೆ ಸರಿಸಿಕೊಂಡು ಕಾಕಾ ಇಡೀ ಮದುವೆಯನ್ನು ಮೇಲಿಂದಲೇ ನಡೆಸಿದರು. ಕೆಳಗಿದ್ದರೂ ಅಷ್ಟು ಓಡಾಡುತ್ತಿರಲಿಲ್ಲವೇನೋ. "ಬಾಜಾದವ್ರು ಬಿಟ್ಟು ಬಿಟ್ಟು ನಿಂದ್ರಿ", "ಅಲ್ಲಿ ಮಂದಿ ಭಾಳ ಆಯ್ತು" ಎಂದು ಕೂಗುತ್ತಲೇ ಇದ್ದರು. ಅವರು ಎಸೆದ ಅಕ್ಷತೆ ಮಗಳನ್ನು ಮುಟ್ಟದೆ ಆಚಾರ್ಯರ ತಲೆ ಸೇರಿತು. ಜನ ನಕ್ಕರು. ನಾನೂ ನಕ್ಕೆ.

ಊಟದ ಹೊತ್ತಿಗೆ ನವದಂಪತಿಗಳಿಗೆ ಬೆಳ್ಳಿ ತಟ್ಟೆ ಹಾಕಿದ್ದರು. ಮಗಳು ಅಲ್ಲಿ ಕೂರಲಿಲ್ಲ. ಗಂಡನನ್ನು ಕರೆದುಕೊಂಡು ಬಂದು ಮಾಳಿಗೆಯ ನೇರ ಕೆಳಗೆ, ಬಿಸಿಲಲ್ಲೇ ಚಾಪೆ ಹಾಸಿದಳು.

"ಅಪ್ಪ, ನೀನೂ ತಾಟು ಹಚ್ಚಿಕೊಂಡು ಕುಂದ್ರು. ನೀ ಉಂಡ ಮ್ಯಾಲೇ ನಾ ಉಣ್ತೀನಿ" ಎಂದಳು.

ಮೆಟ್ಟಿಲ ತುದಿಯಲ್ಲಿ ಇಟ್ಟುಹೋಗಿದ್ದ ತಾಟನ್ನು ಕಾಕಾ ಎತ್ತಿಕೊಂಡರು. ಅಂಚಿಗೆ ಬಂದು ಕೂತು, ಮೊದಲ ತುತ್ತು ಎತ್ತಿ, ಉಣಿಸುವವರಂತೆ ಕೆಳಗೆ ಮಗಳತ್ತ ಹಿಡಿದರು. ಅವಳು ಬಾಯಿ ತೆರೆದಳು.